ಲಿಂಗನಮಕ್ಕಿ ತುಂಬುವ ಮೊದಲಿನ ನಕ್ಷೆ ಎಲ್ಲಿ ಸಿಗುತ್ತದೆ?

ಪ್ರಶ್ನೆ:
ಅಜ್ಜಿ ಮದುವೆಯಾಗಿ ಬಂದ ಮನೆ ಶರಾವತಿ ಹಿನ್ನೀರಿನ ಅಡಿಯಲ್ಲಿದೆ, ಮಡೇನೂರಿನ ಕಡೆ. 1964ರ ಅಣೆಕಟ್ಟೆಯಿಂದ ಮುಳುಗಿದ್ದು. ಅಜ್ಜಿಗೀಗ ಎಂಬತ್ತೆಂಟು. ಮೊಬೈಲಿನಲ್ಲಿ ಉಪಗ್ರಹದ ಚಿತ್ರ ತೋರಿಸಿದರೆ, "ನೀರು ನೋಡಿ ನಾನೇನು ಮಾಡಲಿ?" ಎಂದು ಕನ್ನಡಕ ತೆಗೆದಿಟ್ಟರು. ಗದ್ದೆ, ಕಾನು, ಹೊಳೆಗೆ ಇಳಿಯುವ ದಾರಿ ಇರುವ ನಕ್ಷೆ ಬೇಕು. ಅವರಿರುವಾಗಲೇ ಬೇಕು.

ಉತ್ತರ 1 (ನಿವೃತ್ತ ಭೂಮಾಪಕ):
ಸರ್ವೆ ಆಫ್ ಇಂಡಿಯಾದ ಹಳೆಯ ಒಂದಿಂಚಿನ ಹಾಳೆ ಹುಡುಕಿ ತಾಯಿ, ಮೈಲಿಗೆ ಒಂದು ಇಂಚಿನದು. ಹಾಳೆಯ ಸಂಖ್ಯೆ 48 ಜೆ/16. ಆಮೇಲೆ ಬಂದ 1:50,000ರ ಹಾಳೆ ಬೇಡ, ಅದರಲ್ಲಿ ನಿಮ್ಮ ಊರಿನ ಜಾಗದಲ್ಲಿ ನೀಲಿ ಬಣ್ಣವಿದೆ. ಹಳೆಯದರಲ್ಲಿ ಎತ್ತರದ ಕಂದು ಗೆರೆಗಳು ಅಡಿ ಲೆಕ್ಕದಲ್ಲಿವೆ. ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಹಾಗಾಗಿ 1,800ರ ಗೆರೆಯನ್ನು ಹಿಡಿದು ಪೆನ್ಸಿಲಿನಿಂದ ತಿದ್ದುತ್ತಾ ಹೋಗಿ. ಅದಕ್ಕಿಂತ ತಗ್ಗಿನಲ್ಲಿದ್ದದ್ದೆಲ್ಲ ನೀರಿಗೆ ಹೋಗಿದೆ. ಪುಟ್ಟ ಕೆಂಪು ಚೌಕವೆಂದರೆ ಮನೆ, ಕೆಂಪು ತುಂಡುಗೆರೆಯೆಂದರೆ ಕಾಲುದಾರಿ.

ಉತ್ತರ 2:
ಅದು ಸಿಗುವ ತನಕ ಅಮೆರಿಕದ ಸೇನೆ 1950ರ ದಶಕದಲ್ಲಿ ಮುದ್ರಿಸಿದ 1:2,50,000ರ ನಕ್ಷೆಗಳನ್ನು ನೋಡಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಒಂದು ಕಿಲೋಮೀಟರ್ ಅಲ್ಲಿ ಬರೀ 4 ಮಿಲಿಮೀಟರ್. ಮನೆ ಕಾಣದು, ಹೊಳೆಯ ತಿರುವು ಕಾಣುತ್ತದೆ. ತಾಲ್ಲೂಕು ಸರ್ವೆ ಕಚೇರಿಯಲ್ಲಿ ಹಳೆಯ ಗ್ರಾಮ ನಕಾಶೆಯನ್ನೂ ವಿಚಾರಿಸಿ. ಮೈಲಿಗೆ ಎಂಟು ಇಂಚಿನದು, ಸರ್ವೆ ನಂಬರ್ ಸಹಿತ ಗದ್ದೆಗಳೇ ಕಾಣುತ್ತವೆ.

ಪ್ರಶ್ನೆ ಕೇಳಿದವಳು:
ಹಾಳೆಯ ಸಂಖ್ಯೆ ಕೊಟ್ಟ ಹಿರಿಯರಿಗೆ ಕೈಮುಗಿಯುತ್ತೇನೆ. ಪರಿಚಯದ ಮೇಷ್ಟ್ರೊಬ್ಬರ ಬಳಿ ಒಂದಿಂಚಿನ ಹಾಳೆಯ ಪ್ರತಿ ಸಿಕ್ಕಿತು, ದೊಡ್ಡದು ಮಾಡಿಸಿದೆ. ಇಂಗ್ಲಿಷ್ ಅಕ್ಷರ ಅಜ್ಜಿಗೆ ಬಾರದು. ಹೊಳೆಯ ನೀಲಿ ಗೆರೆಯ ಮೇಲೆ ಅವರ ಬೆರಳಿಟ್ಟು, ನೀರು ಹರಿಯುವ ದಿಕ್ಕು ಹೇಳಿದೆ. ಬೆರಳು ತಾನಾಗಿ ಸರಿಯತೊಡಗಿತು. ಒಂದು ತಿರುವಿನಲ್ಲಿ ನಿಂತು, "ಇಲ್ಲಲ್ಲ, ಹಳ್ಳ ಸೇರುವ ಜಾಗಕ್ಕಿಂತ ಮೇಲೆ" ಎಂದರು. ಅಲ್ಲಿ ಎರಡು ಕೆಂಪು ಚೌಕಗಳಿದ್ದವು. ಎರಡು ಮನೆಗಳೇ ಎಂದು ಕೇಳಿದೆ. "ಒಂದು ಮನೆ. ಇನ್ನೊಂದು ಕೊಟ್ಟಿಗೆ ಇರಬೇಕು, ಹನ್ನೊಂದು ದನವಿತ್ತು" ಎಂದರು. ಹನ್ನೊಂದರ ಹೆಸರನ್ನೂ ಹೇಳಿದರು, ಬರೆದುಕೊಂಡಿದ್ದೇನೆ.

ಮನೆಯಿಂದ ಹೊಳೆಗೆ ಹೋಗುವ ದಾರಿ ಮಾತ್ರ ಹಾಳೆಯಲ್ಲಿ ಇಲ್ಲ. ಇಷ್ಟು ಚಿಕ್ಕ ದಾರಿಯನ್ನು ಅಳತೆಯವರು ಬಿಟ್ಟುಬಿಡುತ್ತಿದ್ದರೇ? ಅಜ್ಜಿ ಹೇಳಿದಂತೆ ನಾನೇ ಪೆನ್ಸಿಲಿನಲ್ಲಿ ಎಳೆದಿದ್ದೇನೆ, ನಡುವಿನ ಅಡಿಕೆ ಮರದ ಸಂಕವನ್ನೂ ಸೇರಿಸಿ.