ಗಾಳಿಮಳೆಗೆ ದಡ ಸೇರಿದ ಕಡಲಹಕ್ಕಿ: ನೀರಿಗೆ ಬಿಡಬಹುದೇ?

ಪ್ರಶ್ನೆ (ಮಲ್ಪೆ):
ನಮಸ್ಕಾರ. ರಾತ್ರಿಯಿಡೀ ಗಾಳಿಮಳೆ ಸುರಿದು ಬೆಳಗಾದ ಮೇಲೆ ಪಡುಕೆರೆಯ ತೀರದಲ್ಲಿ, ಅಲೆಗಳು ತಂದು ಹಾಕಿದ ಕಸದ ನಡುವೆ, ಪಾರಿವಾಳಕ್ಕಿಂತ ತುಸು ಉದ್ದನೆಯ ಹಕ್ಕಿಯೊಂದು ರೆಕ್ಕೆ ಇಳಿಬಿಟ್ಟು ಕುಳಿತಿತ್ತು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಹಣೆಯೂ ಬಿಳಿ, ಬಾಲ ಕವಲೊಡೆದಿದೆ. ಗಾಯವೇನೂ ಕಾಣುತ್ತಿಲ್ಲ. ಅಲ್ಲಿದ್ದವರು ಅದನ್ನು ನೀರಿಗೆ ಬಿಡಿ ಎಂದರು. ನನಗೆ ಧೈರ್ಯ ಬರಲಿಲ್ಲ. ಸದ್ಯ ರಟ್ಟಿನ ಪೆಟ್ಟಿಗೆಯಲ್ಲಿದೆ. ಇದು ಯಾವ ಹಕ್ಕಿ? ಮೀನು ಕೊಡಬಹುದೇ?

ಉತ್ತರ (ಹೊನ್ನಾವರ):
ದಯವಿಟ್ಟು ನೀರಿಗೆ ಬಿಡಬೇಡಿ. ನಿಮ್ಮ ವಿವರಣೆಗೆ ಸೂಟಿ ಟರ್ನ್ ಮತ್ತು ಬ್ರೈಡಲ್ಡ್ ಟರ್ನ್ ಎಂಬ ಕಡಲಹಕ್ಕಿಗಳೆರಡೂ ಹೊಂದುತ್ತವೆ. ಹಣೆಯ ಬಿಳುಪು ಕಣ್ಣಿನ ಮೇಲಕ್ಕೆ ಬಂದು ನಿಂತಿದ್ದು ಬೆನ್ನು ಅಚ್ಚಗಪ್ಪಾಗಿದ್ದರೆ ಸೂಟಿ ಟರ್ನ್. ಬಿಳುಪು ಹುಬ್ಬಿನಂತೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದು ಬೆನ್ನು ಕಂದುಬೂದಿಯಾಗಿದ್ದರೆ ಬ್ರೈಡಲ್ಡ್. ಸೂಟಿ ಟರ್ನ್ ಬದುಕಿನ ಬಹುಪಾಲನ್ನು ತೆರೆದ ಕಡಲ ಮೇಲೆ ಹಾರುತ್ತಲೇ ಕಳೆದರೂ ಅದರ ಗರಿಗಳು ಬೇಗನೆ ನೀರು ಹೀರುವುದರಿಂದ ಬಾತುಕೋಳಿಯಂತೆ ತೇಲಿಕೊಂಡು ವಿಶ್ರಮಿಸಲಾರದು. ಬಿರುಗಾಳಿಯಲ್ಲಿ ಮೇವು ಸಿಗದೆ ಸೋತು ದಡಕ್ಕೆ ಬಿದ್ದ ಅಂಥ ಹಕ್ಕಿಯನ್ನು ಅಲೆಗೆ ಎಸೆದರೆ ಅದು ಮುಳುಗುವುದೇ ಹೆಚ್ಚು.

ಉತ್ತರ (ಮಂಗಳೂರು):
ಮೀನನ್ನಾಗಲಿ ನೀರನ್ನಾಗಲಿ ಬಾಯಿಗೆ ಹಾಕಬೇಡಿ. ಮೈ ತಣ್ಣಗಾಗಿ ಸೊರಗಿದ ಹಕ್ಕಿಗೆ ಅದನ್ನು ಅರಗಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ನೀರು ಶ್ವಾಸನಾಳಕ್ಕೆ ಇಳಿದರೆ ಸಾಯಲೂಬಹುದು. ಪೆಟ್ಟಿಗೆಗೆ ಗಾಳಿಯಾಡುವಂತೆ ತೂತು ಮಾಡಿ, ತಳಕ್ಕೆ ಒಣಬಟ್ಟೆ ಹಾಸಿ, ಕತ್ತಲೆಯೂ ಸದ್ದಿಲ್ಲದೆಯೂ ಇರುವ ಕೋಣೆಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಹಕ್ಕಿಜ್ವರದ ಸಾಧ್ಯತೆ ಇರುವುದರಿಂದ ಕೈಗವಸಿಲ್ಲದೆ ಮುಟ್ಟಬಾರದು. ಮಳೆಗಾಲದಲ್ಲಿ ನಮ್ಮ ತೀರಕ್ಕೆ ಮಾಸ್ಕ್ಡ್ ಬೂಬಿ ಎಂಬ ದೊಡ್ಡ ಕಡಲಹಕ್ಕಿಯೂ ಬರುವುದುಂಟು. ಕಚ್ಚುತ್ತದೆಂದು ಅದರ ಕೊಕ್ಕಿಗೆ ದಾರ ಬಿಗಿಯುವವರನ್ನು ಕಂಡು ಸಂಕಟವಾಗುತ್ತದೆ. ಬೂಬಿಗೆ ಹೊರಗೆ ತೆರೆದ ಮೂಗಿನ ಹೊಳ್ಳೆಗಳಿಲ್ಲ, ಅದು ಬಾಯಿಯಿಂದಲೇ ಉಸಿರಾಡುತ್ತದೆ. ಕೊಕ್ಕು ಕಟ್ಟಿದರೆ ಉಸಿರನ್ನೇ ಕಟ್ಟಿದಂತೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬಿಳುಪು ಕಣ್ಣಿನ ಮೇಲಕ್ಕೇ ನಿಂತಿದೆ, ಬೆನ್ನು ಅಚ್ಚಗಪ್ಪು. ಅರಣ್ಯ ಇಲಾಖೆಯವರು ಬಂದು ಒಯ್ದರು. ಇದು ಎಲ್ಲಿಂದ ಬಂದಿರಬಹುದು?

ಉತ್ತರ (ಹೊನ್ನಾವರ):
ಹಾಗಾದರೆ ಸೂಟಿ ಟರ್ನ್. ನಮಗೆ ಹತ್ತಿರದಲ್ಲಿ ಅವು ಗೂಡು ಮಾಡುವುದು ಲಕ್ಷದ್ವೀಪದ ಪಿಟ್ಟಿ ದ್ವೀಪದಲ್ಲಿ; ಆದರೆ ಕಾಲಿನಲ್ಲಿ ಸಂಶೋಧಕರು ತೊಡಿಸುವ ಗುರುತಿನ ಉಂಗುರವಿಲ್ಲದೆ ಯಾವ ದ್ವೀಪದ ಹಕ್ಕಿಯೆಂದು ಹೇಳುವುದು ಸರಿಯಲ್ಲ. ಹಾಗಾಗಿ ಮುಂದೆ ಸತ್ತ ಹಕ್ಕಿ ಸಿಕ್ಕಿದರೂ ಮೊದಲು ಕಾಲು ನೋಡಿ. ಉಂಗುರವಿದ್ದರೆ ಅದರ ಮೇಲಿನ ಅಕ್ಷರ, ಅಂಕಿ ಪೂರ್ತಿ ಕಾಣುವಂತೆ ಚಿತ್ರ ತೆಗೆಯಿರಿ. ಕೊಕ್ಕು, ಪಾದ, ರೆಕ್ಕೆಯ ಮೇಲ್ಭಾಗ ಮತ್ತು ಒಳಭಾಗದ ಚಿತ್ರಗಳನ್ನು ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ತೆಗೆದು, ದಿನಾಂಕ ಮತ್ತು ಸ್ಥಳದೊಂದಿಗೆ ಐನ್ಯಾಚುರಲಿಸ್ಟ್ ಎಂಬ ಜೀವಿದಾಖಲೆಯ ಜಾಲತಾಣದಲ್ಲಿ ದಾಖಲಿಸಿ.