ರೇಡಿಯೇಷನ್ ಆದ ಮೇಲೆ ಮೂತ್ರದಲ್ಲಿ ರಕ್ತ: ಆಲಮ್, ಹೈಪರ್‌ಬೇರಿಕ್ ಆಕ್ಸಿಜನ್, ಫಾರ್ಮಲಿನ್, ಯಾವುದು ಯಾವಾಗ?

ಪ್ರಶ್ನೆ
ಗರ್ಭಕಂಠದ ಕ್ಯಾನ್ಸರಿಗೆ ರೇಡಿಯೇಷನ್ ಆಗಿ ಆರು ವರ್ಷವಾದ ಮಹಿಳೆ. ಮೂತ್ರದಲ್ಲಿ ಪದೇ ಪದೇ ರಕ್ತ, ಈಗ ಕ್ಲಾಟ್ (ಹೆಪ್ಪುಗಟ್ಟಿದ ರಕ್ತ) ಕಟ್ಟಿ ಮೂತ್ರ ನಿಂತಿದೆ. ಕಲ್ಚರ್‌ನಲ್ಲಿ ಸೋಂಕಿಲ್ಲ. ಹಿಂದಿನ ಸಿಸ್ಟೋಸ್ಕೋಪಿಯಲ್ಲಿ (ಮೂತ್ರಕೋಶದೊಳಗೆ ದುರ್ಬೀನು ಹಾಕಿ ನೋಡುವುದು) ಗೆಡ್ಡೆ ಇರಲಿಲ್ಲ. ಬಿಳಿಚಿದ ಒಳಪೊರೆ, ಅದರ ಮೇಲೆ ಎಳೆಎಳೆಯಾದ ಕೆಂಪು ರಕ್ತನಾಳಗಳು. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 1.9, ಅಂದರೆ ಏರಿದೆ. ಮೂತ್ರಕೋಶಕ್ಕೆ ಆಲಮ್ (ಪಟಿಕದ ದ್ರಾವಣ) ಹಾಕಬಹುದೇ? ಮುಂದೇನು?

ಉತ್ತರ 1
ಮೊದಲು ಕ್ಲಾಟ್ ತೆಗೆಯಿರಿ, ಮಿಕ್ಕಿದ್ದೆಲ್ಲ ಆಮೇಲೆ. 22 ಅಥವಾ 24 ಫ್ರೆಂಚ್ (ದಪ್ಪದ ಅಳತೆ) ತ್ರೀ-ವೇ ಕ್ಯಾತಿಟರ್, ಅಂದರೆ ತೊಳೆಯಲು ಬೇರೆ ದಾರಿ ಇರುವ ಮೂತ್ರದ ಕೊಳವೆ, ಹಾಕಿ, 50 ಮಿ.ಲೀ. ಸಿರಿಂಜಿನಲ್ಲಿ ನಾರ್ಮಲ್ ಸಲೈನ್ ಒಳಗೆ ಬಿಟ್ಟು ಎಳೆಯಿರಿ. ಕ್ಲಾಟ್ ಬರುವುದು ನಿಂತ ಮೇಲಷ್ಟೇ ಡ್ರಿಪ್ ತೊಳೆತ. ಕ್ಲಾಟ್ ಒಳಗಿರುವಾಗಲೇ ಡ್ರಿಪ್ ಬಿಟ್ಟರೆ ಹೊರದಾರಿ ಕಟ್ಟಿಕೊಳ್ಳುತ್ತದೆ, ರೇಡಿಯೇಷನ್ ತಗುಲಿದ ಮೂತ್ರಕೋಶ ಒಡೆಯಲೂಬಹುದು. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂಬ ಲೆಕ್ಕ ಬರೆದಿಡಲೇಬೇಕು.

ಆಲಮ್ ಎಂದರೆ ಶೇ. 1ರ ದ್ರಾವಣ, 5 ಲೀಟರ್ ಸ್ಟೆರೈಲ್ ನೀರಿಗೆ 50 ಗ್ರಾಂ. ಆದರೆ 1.9 ಕ್ರಿಯಾಟಿನಿನ್ ಇರುವವರಿಗೆ ನಾನಂತೂ ಹಾಕುವುದಿಲ್ಲ. ಅಲ್ಯೂಮಿನಿಯಂ ರಕ್ತಕ್ಕೆ ಸೇರಿ, ಕಿಡ್ನಿ ಹೊರಹಾಕದೆ ಹೋದರೆ ಮಂಪರು, ಗೊಂದಲ, ಫಿಟ್ಸ್ ಕೂಡ ಬರಬಹುದು. ಕ್ರಿಯಾಟಿನಿನ್ ಏಕೆ ಏರಿದೆ ಎಂದು ಇವತ್ತೇ ಅಲ್ಟ್ರಾಸೌಂಡ್ ಮಾಡಿಸಿ. ಮೂತ್ರ ಕಟ್ಟಿದ್ದೇ ಕಾರಣವಿರಬಹುದು, ರೇಡಿಯೇಷನ್‌ನಿಂದ ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ನಾಳ ಕಿರಿದಾಗಿದ್ದರೂ ಆಗಬಹುದು.

ಉತ್ತರ 2
ಆಲಮ್ ಆಗಲಿ, ಕರೆಂಟಿನಿಂದ ಸುಡುವುದಾಗಲಿ ಈ ಹೊತ್ತಿನ ರಕ್ತವನ್ನಷ್ಟೇ ನಿಲ್ಲಿಸುತ್ತವೆ. ಮೂಲ ತೊಂದರೆ ಸಣ್ಣ ರಕ್ತನಾಳಗಳು ಮುಚ್ಚಿ ಮೂತ್ರಕೋಶದ ಗೋಡೆಗೆ ಆಮ್ಲಜನಕ ಸಿಗದಿರುವುದು. ಅದಕ್ಕೇ ಹೈಪರ್‌ಬೇರಿಕ್ ಆಕ್ಸಿಜನ್, ಅಂದರೆ ಹೆಚ್ಚಿನ ಒತ್ತಡದ ಚೇಂಬರಿನಲ್ಲಿ (ಮುಚ್ಚಿದ ಕೋಣೆ) ಆಮ್ಲಜನಕ ಉಸಿರಾಡಿಸುವುದು: 2ರಿಂದ 2.5 ಪಟ್ಟು ವಾತಾವರಣದ ಒತ್ತಡ, ಸುಮಾರು 90 ನಿಮಿಷ, ವಾರಕ್ಕೆ 5 ದಿನ, ಒಟ್ಟು 30ರಿಂದ 40 ಸಲ. 2019ರಲ್ಲಿ ಪ್ರಕಟವಾದ ನಾರ್ಡಿಕ್ ದೇಶಗಳ ರಿಚ್-ಆರ್ಟ್ ಪ್ರಯೋಗದಲ್ಲಿ ಮಾಮೂಲಿ ಚಿಕಿತ್ಸೆಗಿಂತ ಇದರಿಂದ ಮೂತ್ರದ ತೊಂದರೆಗಳು ಚೆನ್ನಾಗಿ ತಗ್ಗಿದವು. ಕಿವಿನೋವು ಸಾಮಾನ್ಯ, ದೃಷ್ಟಿ ಕೆಲಕಾಲ ಮಂಜಾಗಬಹುದು. ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಹೊರಗೆ ಎದೆಯಲ್ಲಿ ಗಾಳಿ ಸೇರಿರುವುದು) ಇದ್ದರೆ ಚೇಂಬರಿಗೆ ಕಳಿಸಲೇಬಾರದು.

ಚೇಂಬರ್ ದೂರವಿದ್ದರೆ ಮೂತ್ರಕೋಶದ ಒಳಪೊರೆಗೆ ಕವಚವಾಗುವ ಹೈಲುರಾನಿಕ್ ಆಮ್ಲವನ್ನು ಮೂತ್ರಕೋಶಕ್ಕೇ ಹಾಕುವುದು, 50 ಮಿ.ಲೀ.ನಲ್ಲಿ 40 ಮಿ.ಗ್ರಾಂ, ಮೊದಲು ವಾರಕ್ಕೊಂದರಂತೆ ನಾಲ್ಕು ಸಲ. ಉರಿ, ಅವಸರ ಇರುವವರಿಗೆ ಒಳ್ಳೆಯದು, ಧಾರಾಳ ರಕ್ತಸ್ರಾವಕ್ಕೆ ಸಾಲದು.

ಉತ್ತರ 3
ಮೂತ್ರಕೋಶಕ್ಕೆ ಫಾರ್ಮಲಿನ್ (ಅಂಗಾಂಶವನ್ನು ಗಟ್ಟಿಗೊಳಿಸುವ ರಾಸಾಯನಿಕ) ಹಾಕುವುದು ಕೊನೆಗಿರಲಿ. ಅರಿವಳಿಕೆ ಬೇಕು. ಮುಂಚೆ ಸಿಸ್ಟೋಗ್ರಾಮ್ (ಮೂತ್ರಕೋಶಕ್ಕೆ ಔಷಧಿ ತುಂಬಿ ತೆಗೆಯುವ ಎಕ್ಸ್-ರೇ) ಕಡ್ಡಾಯ, ಮೂತ್ರ ಕಿಡ್ನಿಯತ್ತ ಹಿಮ್ಮುಖವಾಗಿ ಹರಿಯುವವರಿಗೆ ಕಿಡ್ನಿಯೇ ಹಾಳಾದೀತು. ಶೇ. 1ರಿಂದ ಶುರುಮಾಡಿ. ದ್ರಾವಣ ಎಷ್ಟು ಗಟ್ಟಿಯೋ ಅಷ್ಟು ಮೂತ್ರಕೋಶ ಕುಗ್ಗುತ್ತದೆ.

ಇನ್ನೊಂದು: ಗೆಡ್ಡೆಯ ಸಂಶಯವಿಲ್ಲದ ಕಡೆ ಬಯಾಪ್ಸಿ (ಪರೀಕ್ಷೆಗೆ ಚೂರು) ತೆಗೆಯಬೇಡಿ. ಈ ಗೋಡೆ ಮಾಯುವುದಿಲ್ಲ, ಯೋನಿಗೆ ತೂತು ಬಿದ್ದು ಮೂತ್ರ ಸೋರುತ್ತದೆ.