ಪದಚರ್ಚೆ: ಅವರ ‘ಆಲ್ಪ್’, ನಮ್ಮ ‘ಬೆಟ್ಟ’, ನಡುವೆ ಸಿಕ್ಕಿಕೊಂಡ ‘ಸುಸ್ಥಿರ’

ಬಳಗದ ಎಲ್ಲರಿಗೂ ನಮಸ್ಕಾರ.

ಆಲ್ಪ್ಸ್ ಸೀಮೆಯ ಹಸಿರು ಆರ್ಥಿಕತೆಯ, ಅಂದರೆ ಪರಿಸರ ಕೆಡದಂತೆ ನಡೆಸುವ ದುಡಿಮೆಯ ಬಗ್ಗೆ ಹೈಸ್ಕೂಲ್ ಮಕ್ಕಳು ಓದಬಹುದಾದ ಒಂದು ಬರಹಕ್ಕೆ ಕೈಹಾಕಿದ್ದೇನೆ. ವಿಷಯ ಅರ್ಥವಾಗಿದೆ, ಪದಗಳು ಕೂಡಿಬರುತ್ತಿಲ್ಲ. ಒಂದೊಂದಾಗಿ ನಿಮ್ಮ ಮುಂದಿಡುತ್ತೇನೆ. ತಪ್ಪಿದ್ದರೆ ತಿದ್ದಿ, ಇದಕ್ಕಿಂತ ಒಳ್ಳೆಯದು ಇದ್ದರೆ ಕೊಡಿ.

ಮೊದಲು ಹಿನ್ನೆಲೆ. ಆಲ್ಪ್ಸ್ ಪರ್ವತಗಳನ್ನು ಹಂಚಿಕೊಂಡಿರುವ ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಇಟಲಿ, ಫ್ರಾನ್ಸ್, ಜರ್ಮನಿ, ಸ್ಲೊವೇನಿಯಾ, ಲಿಕ್ಟನ್‌ಸ್ಟೈನ್, ಮೊನಾಕೊ ಎಂಬ 8 ದೇಶಗಳ ನಡುವೆ, ಯುರೋಪ್ ಒಕ್ಕೂಟವೂ ಸೇರಿದಂತೆ, ಆ ಸೀಮೆಯನ್ನು ಕಾಪಾಡಲು ‘ಆಲ್ಪ್ಸ್ ಒಪ್ಪಂದ’ ಎಂಬುದೊಂದಿದೆ. 1991ರಲ್ಲಿ ಸಾಲ್ಸ್‌ಬರ್ಗ್‌ನಲ್ಲಿ ಅದಕ್ಕೆ ಮೊದಲ ಸಹಿಗಳು ಬಿದ್ದವು, 1995ರಲ್ಲಿ ಜಾರಿಗೆ ಬಂತು. ಕಚೇರಿ ಇನ್ಸ್‌ಬ್ರುಕ್‌ನಲ್ಲಿದೆ. ಒಪ್ಪಂದಕ್ಕೆ ಒಳಪಟ್ಟ ನೆಲ ಸುಮಾರು 1.9 ಲಕ್ಷ ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಕರ್ನಾಟಕದಷ್ಟೇ. ಜನ ಮಾತ್ರ ಸುಮಾರು 1.4 ಕೋಟಿ. ಆಲ್ಪ್ಸ್‌ನ ಸ್ಥಿತಿಗತಿಯ ಬಗ್ಗೆ ಈ ಒಪ್ಪಂದದ ದೇಶಗಳು ಹೊರತರುವ ವರದಿಗಳಲ್ಲಿ 2017ರ ಆರನೆಯದಕ್ಕೆ ಹಸಿರು ಆರ್ಥಿಕತೆಯೇ ವಿಷಯ.

ಮೊದಲ ತೊಡಕು ‘ಆಲ್ಪೈನ್’. ಪತ್ರಿಕೆಗಳಲ್ಲಿ ‘ಆಲ್ಪೈನ್ ಪ್ರದೇಶ’ ಎಂದು ಬರೆಯುವುದುಂಟು. ಆದರೆ ಸಸ್ಯಶಾಸ್ತ್ರದಲ್ಲಿ ಆಲ್ಪೈನ್ ಎಂದರೆ ಮರಗಳು ನಿಂತುಹೋಗುವ ಎತ್ತರಕ್ಕಿಂತ ಮೇಲಿನ ಹುಲ್ಲುನೆಲ. ಅದು ಹಿಮಾಲಯದಲ್ಲೂ ಇದೆ. ನಾನು ಹೇಳಬೇಕಾಗಿರುವುದು ಕಣಿವೆಯ ಊರು, ಕಾರ್ಖಾನೆ, ರೈಲುದಾರಿ ಎಲ್ಲ ಸೇರಿದ ಸೀಮೆಯನ್ನು. ಹಾಗಾಗಿ ‘ಆಲ್ಪ್ಸ್ ಸೀಮೆ’ ಎಂದೇ ಬರೆಯುತ್ತಿದ್ದೇನೆ. ಇದರಲ್ಲಿ ಹೆಚ್ಚು ತಕರಾರು ಇರಲಾರದು.

ನಿಜವಾದ ಗಂಟು ‘ಆಲ್ಪ್’ ಎಂಬ ಪದದಲ್ಲೇ ಇದೆ. ಹೊರಗಿನವರಿಗೆ ಆಲ್ಪ್ಸ್ ಎಂದರೆ ಹಿಮ ಹೊತ್ತ ಶಿಖರಗಳು. ಅಲ್ಲಿನ ರೈತನಿಗೆ ಆಲ್ಪ್ ಎಂದರೆ ಶಿಖರವಲ್ಲ, ಬೇಸಿಗೆಯಲ್ಲಿ ದನ ಹತ್ತಿಸುವ ಎತ್ತರದ ಹುಲ್ಲುಗಾವಲು. ಸ್ವಿಟ್ಜರ್ಲೆಂಡ್‌ನಲ್ಲಿ ‘ಆಲ್ಪ್’, ಆಸ್ಟ್ರಿಯಾದಲ್ಲಿ ‘ಆಲ್ಮ್’, ಫ್ರೆಂಚರಲ್ಲಿ ‘ಆಲ್ಪಾಜ್’, ಸ್ಲೊವೇನಿಯಾದಲ್ಲಿ ‘ಪ್ಲಾನಿನಾ’. ನೆಲದ ಆಕಾರಕ್ಕಿಂತ ನೆಲದ ಬಳಕೆಯನ್ನು ಹೇಳುವ ಪದಗಳಿವು.

ಇದನ್ನು ಓದುವಾಗ ನನಗೆ ಥಟ್ಟನೆ ನೆನಪಾದದ್ದು ಶಿರಸಿ, ಸಿದ್ದಾಪುರ, ಯಲ್ಲಾಪುರದ ‘ಬೆಟ್ಟ’. ಅಲ್ಲಿನ ಅಡಿಕೆ ತೋಟದವರು ‘ನಮ್ಮ ಬೆಟ್ಟ’ ಎಂದಾಗ ಗುಡ್ಡದ ತುದಿಯನ್ನು ಹೇಳುತ್ತಿಲ್ಲ. ತೋಟಕ್ಕೆ ಅಂಟಿಕೊಂಡು ಬಂದ ಸೊಪ್ಪಿನ ಬೆಟ್ಟವನ್ನು ಹೇಳುತ್ತಿದ್ದಾರೆ. ಸೊಪ್ಪು ಕಡಿದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹಾಕಲು ಬಿಟ್ಟ ಕಾಡು ಅದು. ನೆಲ ಸರ್ಕಾರದ್ದು, ಬಳಕೆಯ ಹಕ್ಕು ತೋಟದವರದ್ದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂಬ ಲೆಕ್ಕವೂ ಇದೆ. ‘ಸಮತಟ್ಟಾಗಿರುವ ಈ ಜಾಗವನ್ನು ಬೆಟ್ಟ ಅನ್ನುತ್ತಾರಲ್ಲ’ ಎಂದು ಮೈಸೂರು ಕಡೆಯವರು ಕೇಳುವುದನ್ನು ನಾನೇ ಕಂಡಿದ್ದೇನೆ. ಆಲ್ಪ್ ಪದದ ಅರ್ಥವನ್ನು ಕನ್ನಡದ ಮಗುವಿಗೆ ಹೇಳಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಾಣದು. ಆದರೆ ಬೆಟ್ಟವನ್ನು ನೇರ ಅನುವಾದವಾಗಿ ಬಳಸುವಂತಿಲ್ಲ. ಅದು ಸೊಪ್ಪಿನದು, ಇದು ಮೇವಿನದು.

‘ಗೋಮಾಳ’ ಯೋಚಿಸಿದೆ. ಅದು ಊರ ಮಗ್ಗುಲಿನ ನೆಲ, ದನ ಸಂಜೆಗೆ ಮನೆಗೆ ಮರಳುತ್ತದೆ. ಆಲ್ಪ್‌ಗೆ ಹೋದ ದನ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಇದಕ್ಕಿಂತ ಹತ್ತಿರವಾದದ್ದು ‘ಕಾವಲು’, ಅಂದರೆ ದನ ಮೇಯಲೆಂದೇ ಕಾದಿರಿಸಿದ ಹುಲ್ಲುನೆಲ. ಹಳೆಯ ಮೈಸೂರಿನ ಅಮೃತ ಮಹಲ್ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಕಾಲಕ್ಕೆ ತಕ್ಕಂತೆ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಹಾಗಾದರೆ ಆಲ್ಪ್‌ಗೆ ‘ಬೇಸಿಗೆ ಕಾವಲು’ ಅನ್ನೋಣವೇ? ಇಲ್ಲೊಂದು ಅಪಾಯವಿದೆ. ನಮ್ಮಲ್ಲಿ ಬೇಸಿಗೆ ಮೇವಿನ ಬರಗಾಲ. ಅಲ್ಲಿ ಬೇಸಿಗೆಯೇ ಹುಲ್ಲಿನ ಸುಗ್ಗಿ, ಚಳಿಗಾಲವೇ ಬರ. ‘ಬೇಸಿಗೆ ಕಾವಲು’ ಎಂದರೆ ನಮ್ಮ ಮಗು ಒಣಗಿದ ಬಯಲನ್ನು ಕಣ್ಣಮುಂದೆ ತಂದುಕೊಂಡೀತು. ಸದ್ಯಕ್ಕೆ ‘ಎತ್ತರದ ಕಾವಲು’ ಎಂದು ಬರೆದಿಟ್ಟಿದ್ದೇನೆ, ಮನಸ್ಸಿಗೆ ಪೂರ್ತಿ ಒಪ್ಪಿಲ್ಲ.

ಇಷ್ಟು ಹೇಳಿದ್ದು, ಇಂಗ್ಲಿಷ್‌ನ ‘ಸಸ್ಟೇನಬಲ್’ಗೆ ನಾವು ಬಳಸುವ ‘ಸುಸ್ಥಿರ’ಕ್ಕೆ ಬರುವುದಕ್ಕಾಗಿ.

ಸ್ವಿಟ್ಜರ್ಲೆಂಡ್‌ನ ವಾಲೇ ಪ್ರಾಂತದಲ್ಲಿ ಟ್ಯೋರ್ಬೆಲ್ ಎಂಬ ಹಳ್ಳಿ ಇದೆ. ಹಂಚಿಕೊಂಡು ಬಳಸುವ ನೆಲದ ಬಗ್ಗೆ ಕೆಲಸ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಈ ಹಳ್ಳಿಯನ್ನು ಉದಾಹರಿಸಿದ್ದರಿಂದ ಅದು ಎಲ್ಲೆಡೆ ಹೆಸರಾಯಿತು. ಅಲ್ಲಿನ 1517ರ ಕಟ್ಟಳೆ ಒಂದೇ ಮಾತಿನದು: ಚಳಿಗಾಲದಲ್ಲಿ ತನ್ನ ಮೇವಿನಿಂದ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಒಬ್ಬನು ಬೇಸಿಗೆಯಲ್ಲಿ ಆಲ್ಪ್‌ಗೆ ಹತ್ತಿಸಬಹುದು. ಹೊರಗಿನಿಂದ ದನ ಕೊಂಡುತಂದು ಊರ ಹುಲ್ಲು ಮೇಯಿಸಿ ಲಾಭ ಮಾಡುವಂತಿಲ್ಲ. ಸೊಂಪಿನ ಕಾಲದ ಬಳಕೆಗೆ ಕೊರತೆಯ ಕಾಲವೇ ಅಳತೆಗೋಲು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ನಮ್ಮವರು ಬುದ್ಧಿಮಾತು ಹೇಳಿದರು, ಆ ಹಳ್ಳಿಯವರು ಅದನ್ನೇ ಕಾನೂನು ಮಾಡಿಕೊಂಡರು.

ಇಂಥ ನಡವಳಿಕೆಯನ್ನು ‘ಸುಸ್ಥಿರ’ ಎಂಬ ಪದ ತೋರಿಸುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ‘ಸ್ಥಿರ ಸರ್ಕಾರ’, ‘ಸ್ಥಿರಾಸ್ತಿ’ ಕೇಳಿ ಬೆಳೆದ ಕಿವಿಗೆ ಸುಸ್ಥಿರ ಎಂದರೆ ಚೆನ್ನಾಗಿ ತಳವೂರಿದ್ದು, ಅಲುಗಾಡದ್ದು. ವ್ಯಾಪಾರದ ಪುಟಗಳಲ್ಲಿ ‘ಸುಸ್ಥಿರ ಬೆಳವಣಿಗೆ’ ಎಂದರೆ ವರ್ಷವರ್ಷವೂ ಕುಂದದೆ ಏರುವ ಲಾಭ. ಎಲ್ಲೆಯ ಮಾತು ಅದರಲ್ಲಿ ಎಲ್ಲೂ ಇಲ್ಲ. ಟ್ಯೋರ್ಬೆಲ್‌ನ ದನವೋ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ, ಅಲ್ಲಿ ಯಾವುದೂ ಸ್ಥಾವರವಾಗಿಲ್ಲ.

ನೆರೆಭಾಷೆಗಳನ್ನು ನೋಡಿದೆ. ಹಿಂದಿಯವರು ‘ಸತತ ವಿಕಾಸ’ ಎನ್ನುತ್ತಾರೆ, ಮರಾಠಿಯವರು ‘ಶಾಶ್ವತ ವಿಕಾಸ’. ತೆಲುಗು, ಮಲಯಾಳಗಳಲ್ಲಿ ನಮ್ಮಂತೆಯೇ ಸುಸ್ಥಿರ. ಆಲ್ಪ್ಸ್ ಒಪ್ಪಂದದ ನಾಲ್ಕು ಭಾಷೆಗಳಲ್ಲೂ ಒಮ್ಮತವಿಲ್ಲ. ಫ್ರೆಂಚ್‌ನ ‘ದ್ಯುರಾಬ್ಲ್’, ಸ್ಲೊವೇನಿಯನ್‌ನ ‘ತ್ರಾಯ್ನೊಸ್ತ್ನಿ’ ಬಾಳಿಕೆಯನ್ನು ಹೇಳುತ್ತವೆ. ಇಟಲಿಯವರ ‘ಸೊಸ್ತೆನೀಬಿಲೆ’ ಹೊತ್ತು ನಿಲ್ಲುವುದನ್ನು. ಜರ್ಮನ್‌ನ ‘ನಾಖ್‌ಹಾಲ್ಟಿಗ್’ನ ಹುಟ್ಟು ಕಾಡಿನ ಲೆಕ್ಕದಲ್ಲಿದೆ. ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ ಎಂಬ ಗಣಿ ಅಧಿಕಾರಿ 1713ರಲ್ಲಿ, ಬೆಳ್ಳಿಯ ಗಣಿ ಮತ್ತು ಕುಲುಮೆಗಳಿಗೆ ಸೌದೆ ಮುಗಿದುಹೋಗುವ ಭಯದಲ್ಲಿ, ಮುಂದಕ್ಕೂ ಉಳಿಯುವಂತೆ ಕಾಡನ್ನು ಬಳಸಬೇಕೆಂದು ಬರೆದ. ಅವನ ಊರು ಆಲ್ಪ್ಸ್‌ನಲ್ಲಿಲ್ಲ, ಜರ್ಮನಿಯ ಸ್ಯಾಕ್ಸನಿಯಲ್ಲಿದೆ, ಆದರೆ ಮಾತು ಟ್ಯೋರ್ಬೆಲ್‌ನದೇ ಜಾಡಿನದು. ಬೆಳೆದಷ್ಟನ್ನು ಕಡಿ, ಬುಡ ಉಳಿಸು.

ಇದನ್ನು ಕನ್ನಡದ ರೈತನ ಮನೆಯಲ್ಲಿ ಹೇಗೆ ಹೇಳುತ್ತಾರೆ? ‘ಬಡ್ಡಿ ಉಣ್ಣು, ಅಸಲು ಮುಟ್ಟಬೇಡ’ ಎನ್ನುತ್ತಾರೆ. ಬಿತ್ತನೆ ಬೀಜ ಬೇಯಿಸಿ ತಿನ್ನಬಾರದು ಎನ್ನುತ್ತಾರೆ. ನಮ್ಮ ಕಡೆ ‘ಈ ಬೇಸಿಗೆ ದನ ದಾಟಿಸಿದರೆ ಸಾಕು’ ಎಂಬ ಮಾತಿದೆ. ಈ ‘ದಾಟಿಸು’ ನನಗೆ ಬಹಳ ಹಿಡಿಸಿದೆ. ‘ಚಳಿಗಾಲ ದಾಟಿಸಬಲ್ಲಷ್ಟು ಹಸು’ ಎಂದು ಬರೆದ ಕೂಡಲೇ 1517ರ ಕಟ್ಟಳೆ ಕನ್ನಡದ್ದಾಯಿತು. ‘ಸುಸ್ಥಿರ ಅಭಿವೃದ್ಧಿ’ಯನ್ನು ಪಠ್ಯಪುಸ್ತಕಗಳಿಂದ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ, ಅದು ಬೇರೂರಿಯಾಗಿದೆ. ಆದರೆ ಅದನ್ನು ಬಿಡಿಸಿ ಹೇಳುವಲ್ಲಿ ‘ಅಸಲು ಕರಗದ ಬೆಳವಣಿಗೆ’ ಎಂದು ಬರೆದಿದ್ದೇನೆ. ಇದಕ್ಕೆ ಒಂದೇ ಪದ ಸಾಧ್ಯವೇ? ‘ತಾಳಿಕೆ’, ‘ಬಾಳಿಕೆ’ ಎಂದು ಕೆಲವರು ಸೂಚಿಸಿದ್ದಾರೆ. ಬಾಳಿಕೆ ಬರುವುದು ಚಪ್ಪಲಿ, ಬಟ್ಟೆಗೆ ಒಪ್ಪುತ್ತದೆ, ಕಾಡಿಗೆ ಒಪ್ಪೀತೇ? ಕೆಲವೆಡೆ ಕಾಣುವ ‘ಸಮರ್ಥನೀಯ ಅಭಿವೃದ್ಧಿ’ ಮಾತ್ರ ಖಂಡಿತ ತಪ್ಪು. ಸಮರ್ಥನೆ ವಾದಕ್ಕೆ ಬೇಕಾದದ್ದು, ಬೆಳವಣಿಗೆಗಲ್ಲ.

‘ಹಸಿರು ಆರ್ಥಿಕತೆ’ಯಲ್ಲಿ ಇನ್ನೊಂದು ಬಗೆಯ ಗೊಂದಲ. ನಮ್ಮಲ್ಲಿ ಹಸಿರು ಎಂದರೆ ಹಸಿರು ಕ್ರಾಂತಿ, ರೈತರ ಹಸಿರು ಶಾಲು. ಆರ್ಥಿಕತೆ ಹಸಿರು ಎಂದರೆ ಬೇಸಾಯದ್ದು ಎಂದೇ ಪಕ್ಕದ ಮನೆಯ ಹುಡುಗಿ ತಿಳಿದಳು. ಆಲ್ಪ್ಸ್ ವರದಿ ಹೇಳುವುದು ಇಂಧನ, ಕಟ್ಟಡ, ಪ್ರವಾಸ, ಎಲ್ಲ ದುಡಿಮೆಯನ್ನೂ. ಅದರ ಇಂಗ್ಲಿಷ್ ತಲೆಬರಹದಲ್ಲಿ ‘ಗ್ರೀನಿಂಗ್’ ಎಂಬ ಕ್ರಿಯೆ ಇದೆ, ಆಗಿಬಿಟ್ಟ ಹಸಿರಲ್ಲ, ಆಗುತ್ತಿರುವ ಹಸಿರು. ‘ದುಡಿಮೆಯನ್ನು ಹಸಿರಾಗಿಸುವುದು’ ಎಂದರೆ ಸರಿಹೋದೀತೇ?

ಕೊನೆಯದು ಜರ್ಮನ್‌ನ ‘ಸಾನ್ಫ್ಟ್’. ಮೃದು, ನಯ ಎಂದರ್ಥ. ಪರಿಸರಕ್ಕೆ ಹೊರೆಯಾಗದ ‘ಮೃದು ಪ್ರವಾಸ’ ಎಂಬ ಕಲ್ಪನೆಯನ್ನು 1980ರಲ್ಲಿ ರೊಬರ್ಟ್ ಯುಂಕ್ ಎಂಬ ಲೇಖಕ ಮುಂದಿಟ್ಟ. ಆಸ್ಟ್ರಿಯಾದ ವೆರ್ಫೆನ್‌ವೆಂಗ್ ಎಂಬ ಊರು, ಕಾರು ಬಿಟ್ಟು ರೈಲಿನಲ್ಲಿ ಬಂದ ಅತಿಥಿಗಳಿಗೆ ಊರೊಳಗಿನ ಓಡಾಟದ ಅನುಕೂಲ ಮಾಡಿಕೊಟ್ಟು ಹೆಸರಾಗಿದೆ. ಸ್ವಿಸ್ ಜನ 1994ರಲ್ಲಿ ಮತ ಹಾಕಿ, ಆಲ್ಪ್ಸ್ ದಾಟುವ ಸರಕನ್ನು ರಸ್ತೆಯಿಂದ ಹಳಿಗೆ ಸರಿಸಬೇಕೆಂದು ಸಂವಿಧಾನದಲ್ಲೇ ಬರೆಸಿದರು. ಗೊಟ್ಟಾರ್ಡ್‌ನ 57 ಕಿಲೋಮೀಟರ್ ರೈಲು ಸುರಂಗ 2016ರಲ್ಲಿ ತೆರೆದದ್ದು ಅದೇ ಜಾಡಿನಲ್ಲಿ. ಇಲ್ಲೆಲ್ಲ ಮುಖ್ಯವಾದದ್ದು ನೆಲದ ಮೇಲೆ ಬೀಳುವ ಭಾರ. ಆದ್ದರಿಂದ ‘ಮೃದು’ ಬಿಟ್ಟು ‘ಹಗುರ ಓಡಾಟ’, ‘ಹಗುರ ಪ್ರವಾಸ’ ಎಂದಿದ್ದೇನೆ.

ಹಾಸನ, ಚಿಕ್ಕಮಗಳೂರು, ಚಿತ್ರದುರ್ಗದ ಕಾವಲುಗಳ ಆಸುಪಾಸಿನವರು ಬಳಗದಲ್ಲಿದ್ದರೆ ಒಂದು ಕೋರಿಕೆ. ಇಷ್ಟು ದನಕ್ಕೆ ಇಷ್ಟು ದಿನದ ಮೇವು ಎಂಬ ಪಾಲಿಗೆ ನಿಮ್ಮ ಹಿರಿಯರು ಯಾವ ಪದ ಬಳಸುತ್ತಿದ್ದರು? ಸ್ವಿಟ್ಜರ್ಲೆಂಡ್‌ನಲ್ಲಿ ಒಂದು ದೊಡ್ಡ ದನ 100 ದಿನ ಆಲ್ಪ್‌ನಲ್ಲಿ ಮೇಯುವುದನ್ನು ಒಂದು ‘ಶ್ಟೋಸ್’ ಎಂದು ಎಣಿಸುತ್ತಾರೆ. ನಾನು ‘ಮೇವುಪಾಲು’ ಎಂದು ಕಟ್ಟಿಕೊಂಡಿದ್ದೇನೆ. ಬಳಕೆಯಲ್ಲಿದ್ದ ಪದ ಸಿಕ್ಕರೆ ಇದನ್ನು ಈಗಲೇ ಅಳಿಸುತ್ತೇನೆ.